ವಠಾರಕ್ಕೆ ಹೋದ ಹಾಡುಗಳು

‘ಸ್ಕ್ರಿಪ್ಟ್’ ಎಂಬ ಇಂಗ್ಲಿಷ್ ಮಾತು ಕನ್ನಡ ಅಧ್ಯಾಪಕನ ಕಿವಿಗೆ ಮೊದಲು ಬೀಳುವುದು ‘ಲಿಪಿ’ ಎಂಬ ಅರ್ಥದಲ್ಲಿ. ನಾಟಕದ ಕಂಪನಿಯವರಿಗೆ ಅದು ಪಾತ್ರಧಾರಿಗಳ ಮಾತುಗಳನ್ನು ಬರೆದಿಟ್ಟ ಪ್ರತಿ. ಕಂಪ್ಯೂಟರ್ ಓದುವ ಹುಡುಗರ ಬಾಯಲ್ಲಿ ಮಾತ್ರ ಅದಕ್ಕೆ ಮೂರನೆಯದೊಂದು ಅರ್ಥವುಂಟು: ಯಂತ್ರವು ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಸಾಲನ್ನು ಓದಿಕೊಂಡು ಅದರಂತೆಯೇ ನಡೆಯಬೇಕಾದ ಅಪ್ಪಣೆಗಳ ಪಟ್ಟಿ. ವಾಚಕರು ಮನೆಯಲ್ಲಿ ಕುಳಿತು ರೈಲಿನ ಟಿಕೆಟ್ಟು ಕಾದಿರಿಸುವಾಗ, ವಿದ್ಯುತ್ತಿನ ಬಿಲ್ಲು ಕಟ್ಟುವಾಗ, ಮಗಳ ಪರೀಕ್ಷೆಯ ಫಲಿತಾಂಶಕ್ಕಾಗಿ ಉಸಿರು ಬಿಗಿಹಿಡಿದು ಕಾಯುವಾಗ, ದೂರದ ಯಂತ್ರವೊಂದರಲ್ಲಿ ಇಂಥ ಪಟ್ಟಿಯೊಂದು ನಡೆಯುತ್ತಿರುತ್ತದೆ. ನಡೆಯುವಷ್ಟು ಕಾಲ ಅದರ ಇರವೇ ನಮಗೆ ತಿಳಿಯದು. ನಿಂತಾಗ ತಿಳಿಯುತ್ತದೆ, ನಿಂತುದೇಕೆಂದು ಮಾತ್ರ ತಿಳಿಯುವುದಿಲ್ಲ. ಈ ವಾರ ನಾನು ಹೇಳಹೊರಟಿರುವುದು ಆ ‘ಏಕೆ’ಯನ್ನು ಕುರಿತು, ಜೊತೆಗೆ, ಮೂರನೆಯ ಅರ್ಥದ ಸ್ಕ್ರಿಪ್ಟು ಕೆಟ್ಟರೆ ಮೊದಲನೆಯ ಅರ್ಥದ ಸ್ಕ್ರಿಪ್ಟಿಗೆ, ಎಂದರೆ ನಮ್ಮ ಲಿಪಿಗೆ, ಒದಗುವ ಆಪತ್ತನ್ನು ಕುರಿತು.

ಕನ್ನಡ ಅಧ್ಯಾಪಕನಿಗೆ ಈ ಉಸಾಬರಿ ಏಕೆಂದು ಕೆಲವರಾದರೂ ಹುಬ್ಬೇರಿಸಬಹುದು. ಅಂಕಲಿಯ ಸುತ್ತಿನ ಹಳ್ಳಿಗಳಲ್ಲಿ ಈಗ ಮನೆಗೊಬ್ಬ ಹುಡುಗ ಕಂಪ್ಯೂಟರ್ ಓದಿದ್ದಾನೆ. ಅವರಲ್ಲಿ ಕೆಲವರಿಗೆ ತಮ್ಮ ಊರಿನ ಹಾಡು, ಕಥೆ, ಒಗಟುಗಳನ್ನು ಲೋಕಕ್ಕೆ ಕಾಣಿಸಬೇಕೆಂಬ ಹಂಬಲವೂ ಇದೆ. ತಾವು ಕಟ್ಟಿದ ಜಾಲತಾಣ ಕೆಟ್ಟಾಗ ಅವರು ಮೊದಲು ಯಂತ್ರ ಬಲ್ಲವರ ಬಳಿಗೆ ಹೋಗುತ್ತಾರೆ. ಯಂತ್ರ ಬಲ್ಲವರು ತೆರೆಯ ಮೇಲಿನ ಅಕ್ಷರಗಳ ಅವಸ್ಥೆಯನ್ನು ನೋಡಿ, “ಇದು ಕನ್ನಡದ ತೊಂದರೆ, ನಿಮ್ಮ ಕನ್ನಡ ಮೇಷ್ಟರನ್ನು ಕೇಳಿ” ಎಂದುಬಿಡುತ್ತಾರೆ. ಹೀಗೆ ಬಂದ ಹುಡುಗರಿಂದಲೇ ನಾನು ಈ ವಿದ್ಯೆಯನ್ನು ಅಷ್ಟಿಷ್ಟು ಕಲಿತದ್ದು. ಗ್ರಂಥಸಂಪಾದನಾಶಾಸ್ತ್ರವನ್ನು ಓದಿ, ತಾಳೆಗರಿಯ ಲಿಪಿಕಾರರ ಕೈತಪ್ಪುಗಳನ್ನು ಹುಡುಕುವ ಅಭ್ಯಾಸವಾಗಿದ್ದವನಿಗೆ ಇದು ತೀರ ಅಪರಿಚಿತವಾದ ಕೆಲಸವೆಂದೂ ತೋರಲಿಲ್ಲ.

ಅವರೆಲ್ಲರ ದೂರೂ ಒಂದೇ: “ಸರ, ಮನ್ಯಾಗ ಓಡತೈತ್ರಿ, ಅಲ್ಲಿ ಹಾಕಿದ್ರ ಓಡವಲ್ದ್ರಿ.”

‘ಅಲ್ಲಿ’ ಎಂದರೆ ಎಲ್ಲಿ ಎಂಬುದನ್ನು ಮೊದಲು ತಿಳಿಯಬೇಕು. ನಾವು ಬರೆದುದು ಊರಿಗೆಲ್ಲ ಕಾಣಬೇಕಾದರೆ ಹಗಲಿರುಳೂ ಎಚ್ಚರವಾಗಿರುವ ಯಂತ್ರವೊಂದರಲ್ಲಿ ಅದನ್ನು ಇಡಬೇಕು. ಅಂಥ ಯಂತ್ರವನ್ನು ಸ್ವಂತಕ್ಕೆ ಇಟ್ಟುಕೊಳ್ಳುವುದು ದುಬಾರಿಯ ಮಾತು. ಆದುದರಿಂದ ದೊಡ್ಡದೊಂದು ಯಂತ್ರವನ್ನು ಸಾಕಿಕೊಂಡು, ಅದರಲ್ಲಿ ನೂರಾರು ಮಂದಿಗೆ ಜಾಗ ಬಾಡಿಗೆ ಕೊಡುವ ಕಂಪನಿಗಳಿವೆ. ಬೆಂಗಳೂರು ಮೈಸೂರುಗಳ ವಾಚಕರಿಗೆ ಹೇಳುವುದಾದರೆ ಇದೊಂದು ವಠಾರ. ನಮ್ಮ ಕಡೆಯವರು ಚಾಳು ಎನ್ನುತ್ತಾರೆ. ವಠಾರದಲ್ಲಿ ನಲ್ಲಿ ಒಂದೇ, ಅಂಗಳ ಒಂದೇ. ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಒರಳು ಕುಟ್ಟಕೂಡದೆಂಬ ಕಟ್ಟಳೆ ಬೇರೆ. ಸ್ವಂತ ಮನೆಯಲ್ಲಿ ಬೆಳೆದ ಹುಡುಗಿ ಅಲ್ಲಿಗೆ ಸಂಸಾರ ಹೂಡಲು ಹೋದಳೆಂದರೆ, ಮೊದಲ ವಾರ ಅವಳು ಮಾಡಿದ್ದೆಲ್ಲ ತಪ್ಪಾಗಿ ಕಾಣುವುದು ಸಹಜ. ಸ್ಕ್ರಿಪ್ಟಿನ ಪಾಡೂ ಅದೇ. ಮನೆಯ ಯಂತ್ರ ಬಹುಮಟ್ಟಿಗೆ ವಿಂಡೋಸ್. ವಠಾರದ್ದು ಸಾಮಾನ್ಯವಾಗಿ ಲಿನಕ್ಸ್. ಮನೆಯಲ್ಲಿ ಎಲ್ಲ ಸಲಕರಣೆಗಳೂ ಕೈಗೆ ಸಿಗುವಂತಿರುತ್ತವೆ. ಅಲ್ಲಿ ಮಾಲಿಕ ಕೊಟ್ಟಷ್ಟೇ. ಮನೆಯಲ್ಲಿ ಒಂದು ಲೆಕ್ಕ ಮುಗಿಯಲು ಐದು ನಿಮಿಷ ಹಿಡಿದರೂ ಕೇಳುವವರಿಲ್ಲ. ಅಲ್ಲಿ 30 ಸೆಕೆಂಡು ಮೀರಿದರೆ ಕತ್ತು ಹಿಡಿದು ನಿಲ್ಲಿಸುವುದು ವಾಡಿಕೆ. ಪಕ್ಕದ ಮನೆಯವರಿಗೂ ನೀರು ಬರಬೇಕಲ್ಲ!

ಒಬ್ಬ ಹುಡುಗನ ಪ್ರಸಂಗವನ್ನೇ ಹೇಳುತ್ತೇನೆ. ಕೃಷ್ಣೆಯ ದಂಡೆಯ ಹಳ್ಳಿಯವನು. ಅವನ ಆಯಿಗೆ (ನಮ್ಮ ಭಾಗದಲ್ಲಿ ಅಜ್ಜಿಯನ್ನು ಹೀಗೆ ಕರೆಯುತ್ತಾರೆ) ಬೀಸುವ ಪದಗಳು ಬಹಳ ಬರುತ್ತಿದ್ದುವು. ಅವನ ಅಕ್ಕ ಅವನ್ನೆಲ್ಲ ಒಂದು ವಹಿಯಲ್ಲಿ ಬರೆದುಕೊಂಡು, 143 ಹಾಡುಗಳನ್ನು ಕಂಪ್ಯೂಟರಿನಲ್ಲಿ ಅಚ್ಚು ಮಾಡಿದ್ದಳು. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂದಿತು. ಚಿಕ್ಕೋಡಿ, ಅಥಣಿ, ರಾಯಬಾಗ ಸೀಮೆಯ ನದೀತೀರದ ಹಳ್ಳಿಗಳವರು ಮನೆಮಠ ಬಿಟ್ಟು ದನಕರುಗಳೊಡನೆ ಎತ್ತರದ ಜಾಗಗಳಿಗೆ ಹೋಗಬೇಕಾದ ವರ್ಷವದು. ನೀರು ಇಳಿದ ಮೇಲೆ ನೋಡಿದರೆ ವಹಿ ಮುದ್ದೆಯಾಗಿದ್ದಿತು. ಅಚ್ಚು ಮಾಡಿದ್ದ ಹಾಡುಗಳು ಮಾತ್ರ ಅಕ್ಕನೊಡನೆ ಬೆಳಗಾವಿಯಲ್ಲಿದ್ದುದರಿಂದ ಉಳಿದುವು. ಉಳಿದವು ಮತ್ತೆ ಆಯಿಯ ಬಾಯಿಂದಲೇ ಬರಬೇಕು. ಇನ್ನೊಮ್ಮೆ ಹೀಗಾಗಬಾರದೆಂದು, ಓದು ಮುಗಿಯುತ್ತ ಬಂದ ಹುಡುಗ ತಾನೇ ಒಂದು ಜಾಲತಾಣ ಕಟ್ಟಲು ನಿಶ್ಚಯಿಸಿದ. ಹಳೆಯ ಹಾಡುಗಳನ್ನು ತೋರಿಸುವ ಪುಟವೊಂದು, ಹೊಸ ಹಾಡುಗಳನ್ನು ತುಂಬುವ ನಮೂನೆಯೊಂದು. ಸ್ಕ್ರಿಪ್ಟನ್ನು ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ. 1994ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಎಂಬಾತ ತನ್ನ ಸ್ವಂತ ಪುಟದ ಅನುಕೂಲಕ್ಕೆಂದು ಹುಟ್ಟುಹಾಕಿದ ಈ ಸಲಕರಣೆ ಇಂದಿಗೂ ಬಾಡಿಗೆಯ ವಠಾರಗಳ ಮನೆಮಾತು.

ಮನೆಯಲ್ಲಿ ಅದು ಸೊಗಸಾಗಿ ನಡೆಯಿತು. ವಠಾರಕ್ಕೆ ಸಾಗಿಸಿದ ಕೂಡಲೇ ಬಿಳಿಯ ತೆರೆ. ಅದರ ಮೇಲೆ 500 ಎಂಬ ಅಂಕೆ.

ಈ ಅಂಕೆಗಳಿಗೆ ಒಂದು ಕ್ರಮವಿದೆ. 4ರಿಂದ ಮೊದಲಾದರೆ ಕೇಳಿದವನ ಕಡೆಯ ದೋಷ. 404, ಎಂದರೆ ನೀವು ಕೇಳಿದ ಪುಟ ಇಲ್ಲಿಲ್ಲ ಎಂಬುದು ಎಲ್ಲರಿಗೂ ಪರಿಚಿತವೇ. 5ರಿಂದ ಮೊದಲಾದರೆ ಕೊಡುವವನ ಕಡೆಯ ದೋಷ. ಅವುಗಳಲ್ಲಿ 500 ಎಂಬುದು ಅತ್ಯಂತ ಮುಗುಮ್ಮಾದ ಅಂಕೆ. ಒಳಗೆ ಏನೋ ಕೆಟ್ಟಿದೆ ಎನ್ನುತ್ತದೆಯೇ ಹೊರತು ಏನು ಕೆಟ್ಟಿದೆ ಎನ್ನುವುದಿಲ್ಲ. “ಸಾಹೇಬರು ಇಲ್ಲ, ನಾಳೆ ಬನ್ನಿ” ಎನ್ನುವ ಕಚೇರಿಯ ಜವಾನನಿಗಿಂತ ಹೆಚ್ಚಿನ ಸಮಾಚಾರ ಅದರಿಂದ ದೊರೆಯದು. ಹುಡುಗ ಆ ಅಂಕೆಯನ್ನೇ ನೋಡುತ್ತ ಎರಡು ದಿನ ಕಳೆದ. ಮೂರನೆಯ ದಿನ ಗೆಳೆಯರು ಬಂದರು.

ಗೆಳೆಯರ ಸಲಹೆ ಎರಡು. ಮೊದಲನೆಯದು, ಎಲ್ಲ ಕಡತಗಳಿಗೂ 777 ಕೊಡು ಎಂಬುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಿನಕ್ಸ್ ಯಂತ್ರದಲ್ಲಿ ಪ್ರತಿಯೊಂದು ಕಡತಕ್ಕೂ ಮೂವರ ಹಕ್ಕು ಬರೆದಿರುತ್ತದೆ: ಒಡೆಯ, ಅವನ ಗುಂಪಿನವರು, ಉಳಿದ ಎಲ್ಲರು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1, ಕೂಡಿದರೆ 7. ಒಡೆಯನಿಗೆ ಏಳು, ಉಳಿದವರಿಗೆ ಐದೈದು ಎಂದರೆ ಅವರು ಓದಬಹುದು, ನಡೆಸಬಹುದು, ತಿದ್ದಕೂಡದು. 777 ಎಂದರೆ ಬೀದಿಯ ಬಾಗಿಲು, ಅಡಿಗೆಮನೆ, ದೇವರಮನೆ ಮೂರನ್ನೂ ತೆರೆದಿಟ್ಟು ಜಾತ್ರೆಗೆ ಹೋದಂತೆ. ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅನೇಕ ವಠಾರಗಳಲ್ಲಾದರೋ ಇದಕ್ಕೆಂದೇ ಒಬ್ಬ ಕಾವಲುಗಾರನಿದ್ದಾನೆ; ಯಾರು ಬೇಕಾದರೂ ತಿದ್ದಬಹುದಾದ ಸ್ಕ್ರಿಪ್ಟನ್ನು ಆತ ನಡೆಯಗೊಡುವುದಿಲ್ಲ, 500 ಎಂದು ಮೊಗ ತಿರುಗಿಸುತ್ತಾನೆ. ಗೆಳೆಯರು ಕೊಟ್ಟ ಮದ್ದೇ ರೋಗವನ್ನು ಹೆಚ್ಚಿಸಿತು. ಕಡತಗಳಿಗೆ 644, ಅವುಗಳನ್ನಿರಿಸಿದ ಕೋಣೆಗಳಿಗೆ 755 ಎಂಬುದು ಸಾಧಾರಣವಾಗಿ ಸಾಕಾಗುವ ಹಕ್ಕು.

ಎರಡನೆಯ ಸಲಹೆ ಇದಕ್ಕಿಂತ ಕೆಟ್ಟದು. ದೋಷಗಳನ್ನು ಹೇಳಕೂಡದೆಂದು ಸ್ಕ್ರಿಪ್ಟಿಗೆ ಅಪ್ಪಣೆ ಮಾಡಿಬಿಡು ಎಂಬುದು. ಅದಕ್ಕೊಂದು ಸಾಲು ಬರೆದರೆ ಸಾಕು, ಯಂತ್ರ ಬಾಯಿ ಮುಚ್ಚುತ್ತದೆ. ಈ ಸಾಲಿನ ಫಲ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಹುಡುಗ ನನ್ನಲ್ಲಿಗೆ ಬಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: “ವಠಾರದ ದಿನಚರಿಯನ್ನು ಓದಿದೆಯಾ?” ಯಂತ್ರವು ಹೊರಗಿನವರಿಗೆ ಬರಿಯ 500 ಎಂದರೂ ಒಳಗೆ ಒಂದು ಕಡತದಲ್ಲಿ, ಇಂಥ ದಿನ, ಇಂಥ ಗಳಿಗೆ, ಇಂಥ ಕಡತದ ಇಂತಿಷ್ಟನೆಯ ಸಾಲಿನಲ್ಲಿ, ಇಂಥ ಕಾರಣಕ್ಕೆ ನಿಂತೆನೆಂದು ಬರೆದಿಡುತ್ತದೆ. ಅದಕ್ಕೆ ಎರರ್ ಲಾಗ್ ಎಂದು ಹೆಸರು. ಬಾಡಿಗೆದಾರನಿಗೆ ಕೊಡುವ ನಿಯಂತ್ರಣ ಪುಟದಲ್ಲಿಯೇ ಅದು ಸಿಗುತ್ತದೆ. ಮನೆಯೊಳಗಿನ ಜಗಳವನ್ನು ಅತಿಥಿಗಳೆದುರು ಆಡಬಾರದು ನಿಜ. ಯಜಮಾನನಿಗೂ ತಿಳಿಯಬಾರದೆಂದರೆ ಸಂಸಾರ ನಡೆದೀತೆ? ಆದುದರಿಂದ ತೆರೆಯ ಮೇಲೆ ದೋಷವನ್ನು ಮರೆಮಾಡುವುದು ಸರಿ. ದಿನಚರಿಯಲ್ಲಿ ಅದನ್ನು ಬರೆಯಿಸುವುದು ಅಗತ್ಯ. ನನ್ನ ಬಳಿಗೆ ಬರುವ ಹತ್ತರಲ್ಲಿ ಎಂಟು ಹುಡುಗರು ಈ ಕಡತವನ್ನು ತೆರೆದೇ ಇರುವುದಿಲ್ಲ. ಬೇರೆ ಯಾರೋ ಬೇರೆ ಯಾವುದೋ ಕಾಯಿಲೆಗೆ ಬರೆದ ಔಷಧಿಯನ್ನು ಹುಡುಕಿ ತಂದು ಕುಡಿಸುತ್ತಿರುತ್ತಾರೆ.

ಮುಂದಿನದು ಉಳ್ಳಾಗಡ್ಡಿ ಬಿಡಿಸಿದಂಥ ಕೆಲಸ. ಒಂದು ಪದರ ತೆಗೆದರೆ ಇನ್ನೊಂದು. ಹಕ್ಕುಗಳನ್ನು ಸರಿಪಡಿಸಿದ ಮೇಲೆ ದಿನಚರಿಯು, ಕಡತವೊಂದು ಸಿಗಲಿಲ್ಲವೆಂದು ಬರೆಯಿತು. ಕಡತ ಕಣ್ಣೆದುರಿಗೇ ಇದೆ! ಹುಡುಗ ಅದರ ಹೆಸರಿನ ಮೊದಲಕ್ಷರವನ್ನು ಒಂದೆಡೆ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ, ಇನ್ನೊಂದೆಡೆ ಸಣ್ಣ ಅಕ್ಷರದಲ್ಲಿ ಬರೆದಿದ್ದ. ವಿಂಡೋಸಿಗೆ ಎರಡೂ ಒಂದೇ. ಲಿನಕ್ಸಿಗೆ ಅವರಿಬ್ಬರು ಬೇರೆ ಬೇರೆ ವ್ಯಕ್ತಿಗಳು. ಅದು ತಿದ್ದಿದ ಮೇಲೆ ಇನ್ನೊಂದು: ಎಂಬಿಸ್ಟ್ರಿಂಗ್ ಎಂಬ ಸಲಕರಣೆ ಇಲ್ಲ. ಇದರ ಅಗತ್ಯ ಇಂಗ್ಲಿಷ್ ಬರೆಯುವವರಿಗೆ ಅಷ್ಟಾಗಿ ಕಾಣುವುದಿಲ್ಲ. ನಮಗೆ ಇದಿಲ್ಲದೆ ಗತಿಯಿಲ್ಲ.

‘ಅಂಕಲಿ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಓದುವ ನಮಗೆ ಅಕ್ಷರ ಮೂರು. ಯೂನಿಕೋಡ್ ಎಂಬ ಜಾಗತಿಕ ಲಿಪಿಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ 128 ಮನೆಗಳ ಕೇರಿ ದೊರೆತಿದೆ; ಅದರ ಲೆಕ್ಕದಲ್ಲಿ ಇದು ಐದು ಚಿಹ್ನೆ: ಅಕಾರ, ಅನುಸ್ವಾರ, ಕಕಾರ, ಲಕಾರ, ಗುಡಿಸು. ಯಂತ್ರದ ಕೋಶದಲ್ಲಿ ಒಂದೊಂದು ಚಿಹ್ನೆಯೂ ಮೂರು ಮೂರು ಅಂಕೆಗಳಾಗಿ ಕುಳಿತುಕೊಳ್ಳುತ್ತದೆ. ಕಕಾರವೆಂದರೆ 224, 178, 149. ಒಟ್ಟು ಹದಿನೈದು. ಇಂಗ್ಲಿಷಿನ ಲೆಕ್ಕದಲ್ಲಿ ಒಂದಕ್ಷರಕ್ಕೆ ಒಂದೇ ಅಂಕೆ ಎಂದು ನಂಬಿದ ಸ್ಕ್ರಿಪ್ಟು ಶೀರ್ಷಿಕೆಯನ್ನು ಹನ್ನೆರಡಕ್ಕೆ ಕತ್ತರಿಸಿದರೆ ನಮ್ಮ ಊರು ‘ಅಂಕಲ’ ಆಗುತ್ತದೆ, ಯಾರದೋ ಚಿಕ್ಕಪ್ಪನಾದಂತೆ. ಹತ್ತಕ್ಕೆ ಕತ್ತರಿಸಿದರೆ ‘ಅಂಕ’ ಉಳಿದು, ಅದರ ಬೆನ್ನಿಗೆ ಮುರಿದ ಅಕ್ಷರದ ಚೂರೊಂದು ತೂಗುತ್ತದೆ. ಚಿಹ್ನೆಗಳನ್ನು ಅವುಗಳ ಎಣಿಕೆಯಲ್ಲಿಯೇ ಎಣಿಸಿ ಕತ್ತರಿಸುವ ಕತ್ತರಿಯೇ ಎಂಬಿಸ್ಟ್ರಿಂಗ್. ಮನೆಯ ಯಂತ್ರದಲ್ಲಿ ಅದು ತಾನಾಗಿ ಬಂದಿತ್ತು. ವಠಾರದಲ್ಲಿ ನಿಯಂತ್ರಣ ಪುಟದಲ್ಲಿ ಗುರುತು ಹಾಕಿ ಕೇಳಿ ಪಡೆಯಬೇಕಾಗಿತ್ತು, ಅಷ್ಟೆ.

ಗಡಿಯ ವಿಷಯದಲ್ಲಿ ಎಷ್ಟೇ ವಾದಗಳಿರಲಿ, ಪಕ್ಕದ ಮರಾಠಿಯ ಅಕ್ಷರಗಳೂ 224ರಿಂದಲೇ ಮೊದಲಾಗುತ್ತವೆ. ಈ ಯಂತ್ರದ ಕಣ್ಣಿಗೆ ಇಬ್ಬರೂ ಒಂದೇ ಮನೆಯವರು, ಕಾಯಿಲೆಗಳೂ ಒಂದೇ.

ಮೂರನೆಯ ಪದರ ನನಗೆ ಅತ್ಯಂತ ಕುತೂಹಲಕರವಾಗಿ ಕಂಡಿತು. ಪುಟದ ತಲೆಬರಹಗಳು ಆಗಲೇ ಹೊರಟುಹೋಗಿವೆ ಎಂದು ದಿನಚರಿಯ ದೂರು. ಯಂತ್ರವು ಪುಟವನ್ನು ಕಳಿಸುವ ಮುನ್ನ, ಲಕೋಟೆಯ ಮೇಲೆ ವಿಳಾಸ ಬರೆಯುವಂತೆ, ಕೆಲವು ತಲೆಬರಹಗಳನ್ನು ಕಳಿಸಬೇಕು. ಒಳಗಿನ ಕಾಗದದ ಒಂದು ಚೂರಾದರೂ ಮೊದಲೇ ಹೊರಬಿದ್ದರೆ ಮತ್ತೆ ವಿಳಾಸ ಬರೆಯುವಂತಿಲ್ಲ. ಇಲ್ಲಿ ಹೊರಬಿದ್ದುದು ಯಾವುದು? ಕಡತದ ಮೊದಲ ಸಾಲಿನ ಮುಂದೆ ಏನೂ ಕಾಣುತ್ತಿರಲಿಲ್ಲ. ಹುಡುಗ ಅದನ್ನು ವಿಂಡೋಸಿನ ಹಳೆಯ ನೋಟ್‌ಪ್ಯಾಡಿನಲ್ಲಿ ಬರೆದಿದ್ದ. ಕನ್ನಡವನ್ನು ಉಳಿಸಬೇಕಾದರೆ ಯುಟಿಎಫ್-8 ಎಂದು ಆರಿಸಲೇಬೇಕು. ಹಾಗೆ ಆರಿಸಿದಾಗ ಆ ನೋಟ್‌ಪ್ಯಾಡು ಕಡತದ ತಲೆಯ ಮೇಲೆ 239, 187, 191 ಎಂಬ ಮೂರು ಅಗೋಚರ ಅಂಕೆಗಳನ್ನು ತಿಲಕದಂತೆ ಇಟ್ಟುಬಿಡುತ್ತಿತ್ತು. ಆ ತಿಲಕವೇ ವಿಳಾಸಕ್ಕಿಂತ ಮುಂಚೆ ಹೊರಟುಹೋದದ್ದು. ಇಂಗ್ಲಿಷಿನಲ್ಲಿ ಮಾತ್ರ ಬರೆಯುವವನು ಆ ಆಯ್ಕೆಯನ್ನೇ ಮುಟ್ಟದೆ ಇದ್ದುದರಿಂದ ಅವನಿಗೆ ಈ ತೊಂದರೆ ಬರುತ್ತಿರಲಿಲ್ಲ. ಕನ್ನಡ ಬರೆಯಹೊರಟವನಿಗೇ ಈ ದಂಡ! ಮನೆಯ ಯಂತ್ರ ಪುಟವನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿಟ್ಟುಕೊಂಡು ಆಮೇಲೆ ಕಳಿಸುತ್ತಿದ್ದುದರಿಂದ ಅಲ್ಲಿ ದೋಷ ಅಡಗಿತ್ತು. 2019ರಲ್ಲಿ ಬಂದ ವಿಂಡೋಸ್ ಆವೃತ್ತಿಯಿಂದೀಚೆಗೆ ನೋಟ್‌ಪ್ಯಾಡು ತಿಲಕವಿಲ್ಲದ ಯುಟಿಎಫ್-8ನ್ನೇ ತಾನಾಗಿ ಆರಿಸುತ್ತದೆ. ಹಳೆಯ ಕಡತಗಳ ಹಣೆಯಲ್ಲಿ ಮಾತ್ರ ಅದು ಇನ್ನೂ ಉಳಿದಿದೆ.

ಪರ್ಲ್, ಪೈಥಾನ್ ಮುಂತಾದ ಭಾಷೆಗಳಲ್ಲಿ ಬರೆದವರಿಗೆ ಇದರ ದಾಯಾದಿಯೊಂದು ಕಾಡುತ್ತದೆ. ಬೆರಳಚ್ಚಿನ ಯಂತ್ರದಲ್ಲಿ ಸಾಲು ಮುಗಿದಾಗ ಗಾಡಿಯನ್ನು ಮೊದಲಿಗೆ ತಳ್ಳುವುದು, ಕಾಗದವನ್ನು ಒಂದು ಸಾಲು ಏರಿಸುವುದು ಎಂದು ಎರಡು ಕ್ರಿಯೆಗಳಿದ್ದುದನ್ನು ಹಿರಿಯರು ನೆನೆಯಬಹುದು. ವಿಂಡೋಸ್ ಇಂದಿಗೂ ಸಾಲಿನ ಕೊನೆಗೆ ಆ ಎರಡನ್ನೂ, 13 ಮತ್ತು 10 ಎಂದು, ಬರೆಯುತ್ತದೆ. ಲಿನಕ್ಸಿಗೆ 10 ಒಂದೇ ಸಾಕು. ಇಂಥ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಅದನ್ನು ಓದಿ ನಡೆಸುವವನ ವಿಳಾಸವಿರುತ್ತದೆ. ಹೆಚ್ಚಿನ 13 ಆ ವಿಳಾಸಕ್ಕೆ ಅಂಟಿಕೊಂಡರೆ ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂಬ ಉತ್ತರ ಬರುತ್ತದೆ. ಸಾಲಿನ ಕೊನೆಯನ್ನು ಲಿನಕ್ಸ್ ಪದ್ಧತಿಗೆ ಬದಲಿಸಿ ಉಳಿಸಬಲ್ಲ ಸಂಪಾದಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ.

ಇಷ್ಟಾದ ಮೇಲೆ ತಾಣ ನಡೆಯಿತು. ಹಳೆಯ 143 ಹಾಡುಗಳ ಪುಟ ತೆರೆಯಿತು. ತೆರೆದುದನ್ನು ಕಂಡು ಹುಡುಗನ ಮುಖ ಬಿಳುಪೇರಿತು. ಕನ್ನಡದ ಒಂದಕ್ಷರವೂ ಇಲ್ಲ. ತಲೆಯ ಮೇಲೆ ಗೀಟು ಹೊತ್ತ ರೋಮನ್ ‘ಎ’ಗಳು, ಅವುಗಳ ಪಕ್ಕದಲ್ಲಿ ಎತ್ತರದಲ್ಲಿ ಬರೆದ ಪುಟ್ಟ 2, ಪುಟ್ಟ 3, ಪುಟದ ತುಂಬ ಇದೇ. ಇದು ಭಯಪಡಬೇಕಾದ ನೋಟವಲ್ಲವೆಂದು ಹೇಳಿ ಅವನನ್ನು ಕೂರಿಸಬೇಕಾಯಿತು. ಗೀಟು ಹೊತ್ತ ‘ಎ’ ಎಂದರೆ 224, ಪುಟ್ಟ 2 ಎಂದರೆ 178, ಪುಟ್ಟ 3 ಎಂದರೆ 179. ಕನ್ನಡದ ಅಕ್ಷರಗಳೆಲ್ಲ ಮೊದಲಾಗುವುದು ಈ ಅಂಕೆಗಳಿಂದಲೇ. ಹಾಡುಗಳು ಒಂದೂ ಬಿಡದೆ ಇವೆ. ಓದುವ ಯಂತ್ರ ಮಾತ್ರ ಅವನ್ನು ಯುರೋಪಿನ ಅಕ್ಷರಗಳೆಂದು ತಪ್ಪಾಗಿ ಓದುತ್ತಿದೆ. ಸಾಗಿಸುವಾಗ ‘ಇದು ಯುಟಿಎಫ್-8’ ಎಂದು ಹೇಳಿ ಮತ್ತೆ ಸಾಗಿಸಿದೊಡನೆ ಎಲ್ಲವೂ ಕನ್ನಡವಾಗಿ ಬಂದುವು. ವಾಚಕರಲ್ಲಿ ಯಾರಿಗಾದರೂ ತಮ್ಮ ಕಡತ ಹೀಗೆ ಕಂಡರೆ ದಯವಿಟ್ಟು ಅಳಿಸಬೇಡಿ. ಅದಕ್ಕೆ ಜೀವವಿದೆ.

ಆಮೇಲೆ ಬೇಸಗೆಯ ರಜೆ ಬಂದಿತು. ಹುಡುಗನ ತಂಗಿ ದಿನವೂ ಸಂಜೆ ಆಯಿಯ ಮುಂದೆ ಕುಳಿತು, ಅವಳು ಹೇಳಿದ ಹಾಡುಗಳನ್ನು ಫೋನಿನಲ್ಲಿಯೇ ತಾಣದ ನಮೂನೆಯಲ್ಲಿ ತುಂಬುತ್ತಿದ್ದಳು. ಧ್ವನಿಯನ್ನೇ ಮುದ್ರಿಸಿಕೊಳ್ಳಬಾರದಿತ್ತೆ ಎಂದು ನೀವು ಕೇಳಬಹುದು. ಫೋನನ್ನು ಮುಖದೆದುರು ಹಿಡಿದರೆ ಆಯಿ ಹಾಡುವುದಿಲ್ಲ. “ಅದನ್ನ ಅತ್ತಾಗ ಇಡವಾ” ಎನ್ನುತ್ತಾಳೆ. ಒಂದೊಂದು ಹಾಡು ತುಂಬಿದಾಗಲೂ ತಾಣವು “ಉಳಿಸಲಾಗಿದೆ, ವಂದನೆಗಳು” ಎಂದು ನಮ್ರತೆಯಿಂದ ಹೇಳುತ್ತಿತ್ತು. ಹೊಸ ಹಾಡುಗಳು ಹುಡುಗನು ಪರಿಶೀಲಿಸುವವರೆಗೆ ಬೇರೊಂದು ಪಟ್ಟಿಯಲ್ಲಿರುವ ಏರ್ಪಾಡು. ತಿಂಗಳ ಮೇಲೆ ಅವನು ಆ ಪಟ್ಟಿಯನ್ನು ತೆರೆದ. 43 ಹಾಡುಗಳು, ನಲವತ್ತಮೂರರಲ್ಲಿಯೂ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು.

ಪ್ರಶ್ನಾರ್ಥಕ ಚಿಹ್ನೆ ಕಂಡರೂ ಒಮ್ಮೆ ಪರೀಕ್ಷಿಸಬೇಕು. ಕೆಲವೊಮ್ಮೆ ಅದು ತೋರಿಸುವಾಗಿನ ದೋಷವಷ್ಟೇ ಆಗಿರುತ್ತದೆ. ಕೋಶದೊಳಗಿನ ಅಂಕೆಗಳನ್ನು ಹಾಗೆಯೇ ತೋರಿಸೆಂದು ಕೇಳುವ ಅಪ್ಪಣೆಯೊಂದಿದೆ. 224, 178 ಕಂಡರೆ ಬದುಕಿದೆ. ನಾವು ಕೇಳಿದಾಗ ಬಂದದ್ದು 63, 63, 63. ಅದು ಪ್ರಶ್ನಾರ್ಥಕ ಚಿಹ್ನೆಯದೇ ಸಂಖ್ಯೆ. ಹಾಡು ಅಲ್ಲಿರಲಿಲ್ಲ. ಯಾವ ಪರಿಣತನೂ ಅದನ್ನು ಅಲ್ಲಿಂದ ಹಿಂದಕ್ಕೆ ತರಲಾರ.

ಆದದ್ದು ಇಷ್ಟು. ಮಾಹಿತಿಯನ್ನು ಜೋಡಿಸಿಡುವ ಮೈಎಸ್‌ಕ್ಯುಎಲ್ ಎಂಬ ತಂತ್ರಾಂಶ ಸ್ವೀಡನ್ನಿನ ಕಂಪನಿಯೊಂದರಲ್ಲಿ ಬೆಳೆದದ್ದು. ಇಂಥ ಲಿಪಿ ಎಂದು ಬಾಯಿಬಿಟ್ಟು ಹೇಳದಿದ್ದರೆ ಅದು ಲ್ಯಾಟಿನ್ ಅಕ್ಷರಗಳ ಪೆಟ್ಟಿಗೆಯನ್ನು, ಸ್ವೀಡಿಷ್ ವರ್ಣಮಾಲೆಯ ಕ್ರಮದಲ್ಲಿ, ಮಾಡಿಕೊಡುತ್ತಿತ್ತು. 2018ರಲ್ಲಿ ಬಂದ ಎಂಟನೆಯ ಆವೃತ್ತಿಯಲ್ಲಿ ಇದು ಬದಲಾಗಿ, ಲೋಕದ ಎಲ್ಲ ಲಿಪಿಗಳಿಗೂ ಎಡೆಯಾಯಿತು. ಹುಡುಗನ ಮನೆಯಲ್ಲಿದ್ದುದು ಹೊಸದು, ವಠಾರದ್ದು ಹಳೆಯದು. ಹಳೆಯ ಹಾಡುಗಳ ಪಟ್ಟಿ ತನ್ನ ಲಿಪಿಯ ಹೆಸರನ್ನು ಜೊತೆಗೇ ಹೊತ್ತುಕೊಂಡು ಬಂದಿದ್ದರಿಂದ ಬದುಕಿತು. ಹೊಸ ಹಾಡುಗಳ ಪಟ್ಟಿಯನ್ನು ಸ್ಕ್ರಿಪ್ಟು ವಠಾರದಲ್ಲಿಯೇ, ಲಿಪಿಯ ಮಾತೆತ್ತದೆ, ಮಾಡಿಸಿಕೊಂಡಿತ್ತು. ಆ ಪೆಟ್ಟಿಗೆಗೆ ಕನ್ನಡ ಹಾಕಿದರೆ ಹಿಡಿಸದ ಒಂದೊಂದು ಚಿಹ್ನೆಗೂ ಅದು ಒಂದೊಂದು ಪ್ರಶ್ನಾರ್ಥಕವನ್ನು ಬರೆದುಕೊಳ್ಳುತ್ತದೆ. ಕಟ್ಟುನಿಟ್ಟಿನ ಕ್ರಮದಲ್ಲಿದ್ದರೆ ಇದೇ ತಂತ್ರಾಂಶ ‘ಈ ಅಕ್ಷರ ನನಗೆ ಹಿಡಿಸದು’ ಎಂದು ನಿಂತುಬಿಡುತ್ತದೆ. 2015ರ ಆವೃತ್ತಿಯಿಂದ ಅದೇ ರೂಢಿ. ಈ ವಠಾರದವರು ಹಳೆಯ ಬಾಡಿಗೆದಾರರ ಅನುಕೂಲಕ್ಕೆಂದು ಅದನ್ನು ಸಡಿಲಿಸಿದ್ದರು. ಸಡಿಲಿಸಿದರೂ ಒಂದು ಸಣ್ಣ ಎಚ್ಚರಿಕೆಯನ್ನು ಅದು ಕೊಡುತ್ತದೆ. ಆದರೆ ಕೇಳಿದವರಿಗೆ ಮಾತ್ರ. ಸ್ಕ್ರಿಪ್ಟು ಕೇಳಲೇ ಇಲ್ಲ. ಗೆಳೆಯರ ಮಾತಿನಂತೆ ಬರೆದಿದ್ದ ಆ ಬಾಯಿಮುಚ್ಚಿಸುವ ಸಾಲು ಅಲ್ಲಿಯೇ ಉಳಿದಿದ್ದುದರಿಂದ, ಕೇಳಿದ್ದರೂ ಹೊರಗೆ ಬರುತ್ತಿರಲಿಲ್ಲ.

ತಾಳೆಗರಿಯ ಪ್ರತಿಗಳಲ್ಲಿ ಗ್ರಂಥಸಂಪಾದಕನನ್ನು ಹೆಚ್ಚು ಪೀಡಿಸುವವನು ಅಕ್ಷರ ತಿಳಿಯದೆ ಜಾಗ ಬಿಟ್ಟ ಲಿಪಿಕಾರನಲ್ಲ. ತಿಳಿಯದಿದ್ದರೂ ಏನನ್ನೋ ಬರೆದು, ದುಂಡಗಿನ ಅಕ್ಷರದಲ್ಲಿ ಮಂಗಳ ಹಾಡಿ ಮುಗಿಸಿದವನು. 500 ಎಂದು ನಿಂತುಬಿಟ್ಟ ಸ್ಕ್ರಿಪ್ಟನ್ನು ಹುಡುಗ ಎರಡು ದಿನ ಶಪಿಸಿದ. ಅದು ಅವನಿಂದ ಕಸಿದುಕೊಂಡದ್ದು ಆ ಎರಡು ದಿನಗಳನ್ನು ಮಾತ್ರ. ನಮಸ್ಕಾರ ಹೇಳುತ್ತ ನಡೆದ ಸ್ಕ್ರಿಪ್ಟು ಒಂದು ಬೇಸಗೆಯ ಹಾಡುಗಳನ್ನು ನುಂಗಿತು.

ಈಗ ಅವನು ಬಾಯಿಮುಚ್ಚಿಸುವ ಸಾಲನ್ನು ತೆಗೆದಿದ್ದಾನೆ. ಪಟ್ಟಿಗೆ ಲಿಪಿಯನ್ನು ಹೆಸರಿಸಿದ್ದಾನೆ. ತನ್ನ ಮಟ್ಟಿಗೆ ಕಟ್ಟುನಿಟ್ಟಿನ ಕ್ರಮವನ್ನು ಸ್ಕ್ರಿಪ್ಟಿನಿಂದಲೇ ಕೇಳಿ ಪಡೆದಿದ್ದಾನೆ; ಅದಕ್ಕೆ ಮಾಲಿಕನ ಅಪ್ಪಣೆ ಬೇಕಿಲ್ಲ. ಒಂದೊಂದು ಹಾಡನ್ನು ಬರೆದಾದ ಮೇಲೆ ಸ್ಕ್ರಿಪ್ಟು ಅದನ್ನು ಮತ್ತೆ ಓದಿ, ಕೊಟ್ಟದ್ದಕ್ಕೆ ಸರಿಹೊಂದಿದರೆ ಮಾತ್ರ ವಂದನೆ ಹೇಳುತ್ತದೆ. ವಾರಕ್ಕೊಮ್ಮೆ ಎಲ್ಲವನ್ನೂ ಒಂದು ಕಡತವಾಗಿ ಇಳಿಸಿಕೊಂಡು, ತೆರೆದು, ಕನ್ನಡ ಕಂಡ ಮೇಲೆಯೇ ಮಲಗುತ್ತಾನಂತೆ.

ಆಯಿಗೆ ಈ ಸುದ್ದಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ತಂಗಿಯೇ ಹೇಳಿದಳು. “ಹೋದ್ರ ಹೋಗ್ಲಿ ಬಿಡವಾ. ಹಾಡೇನ ಆ ಡಬ್ಬ್ಯಾಗ ಹುಟ್ಟಿದ್ವೇನು?” ಎಂದು ನಕ್ಕು ಮತ್ತೆ ಹಾಡಲು ಕುಳಿತಳು. ಹತ್ತಾರು ದಿನಗಳಲ್ಲಿ 31 ಹಾಡುಗಳು ಬಂದುವು. ಅಲ್ಲಲ್ಲಿ ಮಾತು ಬದಲಾಗಿದ್ದುವು, ಆದರೂ ಬಂದುವು. ಹನ್ನೆರಡು ಬರಲಿಲ್ಲ. ಯಾವುವೆಂದು ಕೇಳಿದರೆ ಅವಳಾದರೂ ಏನು ಹೇಳಿಯಾಳು?

ಆಗ ಹುಡುಗ ಆ ಹನ್ನೆರಡರ ಪ್ರಶ್ನಾರ್ಥಕಗಳನ್ನು ಕಾಗದದ ಮೇಲೆ ಮುದ್ರಿಸಿ ನನ್ನ ಬಳಿಗೆ ತಂದ. ಚಿಹ್ನೆಗೊಂದರಂತೆ ಪ್ರಶ್ನಾರ್ಥಕ ಬಿದ್ದಿದೆ. ಪದಗಳ ನಡುವಿನ ತೆರಪು, ಸಾಲಿನ ಮುರಿತ ಹಾಗೆಯೇ ಇವೆ. ‘ಅಂಕಲಿ’ ಎಂದಿದ್ದರೆ ಐದು, ‘ಹಾಡು’ ಎಂದಿದ್ದರೆ ನಾಲ್ಕು. ಮೂರು ಮೂರು ಸಾಲುಗಳ ತ್ರಿಪದಿಯ ಮೈಕಟ್ಟು ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಸವೆದ ಶಾಸನದಲ್ಲಿ ಅಳಿದ ಅಕ್ಷರಗಳ ಜಾಗಕ್ಕೆ ಸಂಪಾದಕರು ಚುಕ್ಕೆಗಳನ್ನಿಡುವುದನ್ನು ನಾನು ಬಲ್ಲೆ. ಇಲ್ಲಿ ಯಂತ್ರವೇ ಎಣಿಸಿ ಇಟ್ಟಿದೆ. ತಂಗಿ ಅದನ್ನು ಹಿಡಿದುಕೊಂಡು, ಮೊದಲ ಸಾಲಿಗೆ ನಾಲ್ಕು ಮಾತು, ಮೂರನೆಯದು ತುಸು ಉದ್ದ ಎಂದು ಹೇಳುತ್ತ ಹೋಗುತ್ತಾಳೆ. ಆಯಿ ಕಣ್ಣು ಮುಚ್ಚಿ ಬೀಸುಕಲ್ಲಿನ ಗೂಟ ಹಿಡಿದಂತೆ ಕೈಯಾಡಿಸುತ್ತಾಳೆ. ಮೂರು ಹಾಡುಗಳು ಹೀಗೆ ಸಿಕ್ಕಿವೆ. ಉಳಿದ ಒಂಬತ್ತರ ಪ್ರಶ್ನಾರ್ಥಕಗಳನ್ನು ತಾಣದಿಂದ ಅಳಿಸಲು ಹುಡುಗ ಒಪ್ಪುತ್ತಿಲ್ಲ.